ನೋಟಿನ ಬೆನ್ನಿಗೆ ಎಲೆ ಅಚ್ಚೊತ್ತಿದ ಫ್ರಾಂಕ್ಲಿನ್: ಎಲೆ ಸುಳ್ಳು ಹೇಳದು, ಪಕ್ಕದ ಬರಹ ಹೇಳಬಹುದು

ಅಮೆರಿಕದ 100 ಡಾಲರ್ ನೋಟಿನ ಮೇಲಿರುವ ಮುಖ ಬೆಂಜಮಿನ್ ಫ್ರಾಂಕ್ಲಿನ್ ಅವರದ್ದು. ನಮ್ಮ ಫೋನ್‌ಗಳಿಗೆ ಈ ಮುಖ ಬರುವುದು ಹೆಚ್ಚಾಗಿ ಎರಡು ರೂಪದಲ್ಲಿ. ಒಂದು, ಶುಭೋದಯದ ಜೊತೆ ಬರುವ ಸುಭಾಷಿತ. ಇನ್ನೊಂದು, ಗಾಳಿಪಟ ಹಾರಿಸಿ ವಿದ್ಯುತ್ತನ್ನು ಕಂಡುಹಿಡಿದರು ಎಂಬ ಒಂದು ಸಾಲು. ಮೊದಲನೆಯದರಲ್ಲಿ ಎಷ್ಟೋ ಮಾತುಗಳು ಅವರದ್ದಲ್ಲ. ಎರಡನೆಯದು ನಿಜವಲ್ಲ.

ಆದ್ದರಿಂದ ಇಲ್ಲಿ ನಾವು ಅವರ ಹೆಸರಿನಲ್ಲಿ ಒಂದು ಮಾತನ್ನೂ ಉದ್ಧರಿಸುವುದಿಲ್ಲ. ಅವರು ಮಾಡಿದ್ದೇನು ಎಂಬುದನ್ನಷ್ಟೇ ನೋಡೋಣ. ಅದರಲ್ಲೂ ಹೆಚ್ಚು ಜನರಿಗೆ ತಿಳಿಯದ ಒಂದು ಕೆಲಸ ಇದೆ. ಅದು ಎಲೆಯಿಂದ ಅಚ್ಚು ತೆಗೆಯುವುದು.

ಎಲೆಯಚ್ಚು ಎಂದರೇನು?

ನಮ್ಮ ಪಂಜದ ಕಡೆ ತೋಡಿನ ಬದಿ, ಅಗಳಿನ ಗೋಡೆಯ ಮೇಲೆ ಒಂದು ಜರಿಗಿಡ ಬೆಳೆಯುತ್ತದೆ. ಎಲೆಯ ಅಡಿಭಾಗ ಬೆಳ್ಳಗೆ, ಪೌಡರ್ ಹಚ್ಚಿದ ಹಾಗೆ. ಮಕ್ಕಳು ಅದನ್ನು ಕಿತ್ತು ಮುಂಗೈಗೆ ಇಟ್ಟು ಒಂದು ಪೆಟ್ಟು ಕೊಡುತ್ತಾರೆ. ಎಲೆ ತೆಗೆದರೆ ಚರ್ಮದ ಮೇಲೆ ಜರಿಯ ಬಿಳಿ ಚಿತ್ರ ಉಳಿಯುತ್ತದೆ. ಎಲೆಯಚ್ಚಿನ ತತ್ವ ಇಷ್ಟೇ. ಯಾರೂ ಚಿತ್ರ ಬಿಡಿಸುವುದಿಲ್ಲ. ಎಲೆಯೇ ತನ್ನ ಚಿತ್ರವನ್ನು ಬಿಡುತ್ತದೆ. ಅಳತೆ ಎಲೆಯದ್ದೇ, ನರಗಳೂ ಎಲೆಯದ್ದೇ.

ಪೌಡರಿನ ಬದಲು ಶಾಯಿ, ಚರ್ಮದ ಬದಲು ಕಾಗದ ಬಂದರೆ ಅದೇ ಮುದ್ರಣ ಕಲೆ. ಗಿಡಮೂಲಿಕೆಗಳನ್ನು ಗುರುತಿಸಲು ಯುರೋಪಿನಲ್ಲಿ ಶತಮಾನಗಳಿಂದ ಇದನ್ನು ಬಳಸಿದ್ದಾರೆ. ಫ್ರಾಂಕ್ಲಿನ್ ಇದನ್ನು ಹುಡುಕಿದವರಲ್ಲ. ಆದರೆ ಇದರಿಂದ ಅವರು ಮಾಡಿದ ಕೆಲಸವೇ ಬೇರೆ.

ಮೇಣದಬತ್ತಿ ಮಾಡುವವರ ಮಗ

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಬಾಸ್ಟನ್ ನಗರದಲ್ಲಿ. ಅಮೆರಿಕ ಆಗ ಬ್ರಿಟಿಷರ ವಸಾಹತು. ತಂದೆಗೆ ಮೇಣದಬತ್ತಿ ಮತ್ತು ಸಾಬೂನು ಮಾಡುವ ಕಸುಬು. ತಂದೆಯ ಒಟ್ಟು 17 ಮಕ್ಕಳಲ್ಲಿ ಇವರು 15ನೆಯವರು. ಶಾಲೆಗೆ ಹೋದದ್ದು ಎರಡೇ ವರ್ಷ. 12ನೇ ವಯಸ್ಸಿಗೆ ಅಣ್ಣ ಜೇಮ್ಸ್‌ನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದರು.

1721ರಲ್ಲಿ ಬಾಸ್ಟನ್‌ಗೆ ಸಿಡುಬು ಬಂತು. ಲಸಿಕೆ ಇನ್ನೂ ಹುಟ್ಟಿರಲಿಲ್ಲ. ಅದು ಬಂದದ್ದು 1796ರಲ್ಲಿ. ಆದರೆ ರೋಗಿಯ ಗುಳ್ಳೆಯ ಕೀವನ್ನು ಆರೋಗ್ಯವಂತರ ಚರ್ಮಕ್ಕೆ ಸ್ವಲ್ಪ ಸೇರಿಸಿ, ಹಗುರವಾದ ಸಿಡುಬು ಬರಿಸಿ ಕಾಪಾಡುವ ಕ್ರಮ ಏಷ್ಯಾ ಮತ್ತು ಆಫ್ರಿಕಾದಲ್ಲಿ ಇತ್ತು. ಬಾಸ್ಟನ್‌ನ ಪಾದ್ರಿ ಕಾಟನ್ ಮ್ಯಾದರ್‌ಗೆ ಇದನ್ನು ತಿಳಿಸಿದವನು ಅವರ ಮನೆಯಲ್ಲಿ ಗುಲಾಮನಾಗಿದ್ದ ಆಫ್ರಿಕಾದ ಒನೆಸಿಮಸ್. ವೈದ್ಯ ಜಾಬ್ಡಿಯಲ್ ಬಾಯ್ಲ್‌ಸ್ಟನ್ ಅದನ್ನು ಮಾಡಿ ತೋರಿಸಿದರು. ಊರಿನಲ್ಲಿ ಸುಮಾರು 6,000 ಮಂದಿಗೆ ಸಿಡುಬು ತಗುಲಿ 844 ಮಂದಿ ಸತ್ತರು. ಅಂದರೆ ನೂರಕ್ಕೆ ಸುಮಾರು 14. ಹೀಗೆ ಕೀವು ಹಾಕಿಸಿಕೊಂಡ ಸುಮಾರು 240 ಮಂದಿಯಲ್ಲಿ ಸತ್ತವರು 6.

ಅಣ್ಣ ಜೇಮ್ಸ್ ಅದೇ ವರ್ಷ ಆರಂಭಿಸಿದ ಪತ್ರಿಕೆ ಈ ಕ್ರಮವನ್ನು ಜೋರಾಗಿ ವಿರೋಧಿಸಿತು. ಆ ಮುದ್ರಣಾಲಯದಲ್ಲೇ ದುಡಿಯುತ್ತಿದ್ದ ತಮ್ಮನಿಗೆ ಆಗ 15 ವರ್ಷ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

1723ರಲ್ಲಿ ಅಣ್ಣನ ಜೊತೆ ಜಗಳವಾಗಿ ಫ್ರಾಂಕ್ಲಿನ್ ಫಿಲಡೆಲ್ಫಿಯಾಕ್ಕೆ ಓಡಿಹೋದರು. ಕೆಲಕಾಲ ಲಂಡನ್‌ನಲ್ಲಿ ದುಡಿದು ಮರಳಿದರು. 1728ರಲ್ಲಿ ಸ್ವಂತ ಮುದ್ರಣಾಲಯ, ಮರುವರ್ಷ ಸ್ವಂತ ಪತ್ರಿಕೆ, 1732ರಿಂದ ಪ್ರತಿ ವರ್ಷ ಒಂದು ಪಂಚಾಂಗ. ಹವಾಮಾನ, ಹಬ್ಬ, ಗಾದೆ, ಮನೆಮದ್ದು ಎಲ್ಲ ಇದ್ದ ಆ ಪಂಚಾಂಗ ಮನೆಮನೆಗೆ ತಲುಪಿತು. ಇವತ್ತಿನ ವಾಟ್ಸಾಪ್ ಗುಂಪಿನಲ್ಲಿ ಬರುವುದೆಲ್ಲ ಅದರಲ್ಲೂ ಇತ್ತು ಎಂದರೆ ತಪ್ಪಾಗದು.

ಗೆಳೆಯ ಬ್ರೈಂಟ್‌ನಾಲ್‌ನ ಎಲೆಗಳು

1727ರಲ್ಲಿ ಫ್ರಾಂಕ್ಲಿನ್ ಗೆಳೆಯರ ಚರ್ಚಾಕೂಟವೊಂದನ್ನು ಕಟ್ಟಿದ್ದರು. ಅದರಲ್ಲಿದ್ದ ಜೋಸೆಫ್ ಬ್ರೈಂಟ್‌ನಾಲ್ ಎಂಬವರಿಗೆ ಎಲೆಗಳ ಹುಚ್ಚು. ಸುತ್ತಲಿನ ಗಿಡಮರಗಳ ಎಲೆಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತುವುದು, ಹೆಸರು ಬರೆದಿಡುವುದು, ಲಂಡನ್ನಿನ ಸಸ್ಯಪ್ರಿಯರಿಗೆ ಕಳಿಸುವುದು ಅವರ ಹವ್ಯಾಸ. ಅವರು ಮಾಡಿದ ಎಲೆಯಚ್ಚುಗಳ ಸಂಪುಟಗಳು ಫಿಲಡೆಲ್ಫಿಯಾದ ಲೈಬ್ರರಿ ಕಂಪನಿಯಲ್ಲಿ ಇಂದಿಗೂ ಇವೆ. ಆ ಗ್ರಂಥಾಲಯವನ್ನು 1731ರಲ್ಲಿ ಕಟ್ಟಿದವರು ಫ್ರಾಂಕ್ಲಿನ್ ಮತ್ತು ಅವರ ಗೆಳೆಯರು. ಬ್ರೈಂಟ್‌ನಾಲ್ ಅದರ ಮೊದಲ ಕಾರ್ಯದರ್ಶಿ.

ಫ್ರಾಂಕ್ಲಿನ್‌ಗೆ ಎಲೆಯಚ್ಚಿನ ಪರಿಚಯ ಆಳವಾದದ್ದು ಈ ಗೆಳೆತನದಿಂದ.

1736ರ ಕೊನೆ: ಒಂದು ಎಲೆ, ಒಂದು ಸಾವು

1737ರ ಪಂಚಾಂಗ ಸಿದ್ಧವಾದಾಗ ಅದರಲ್ಲಿ ಒಂದು ವಿಶೇಷ ಇತ್ತು. ರ‍್ಯಾಟಲ್‌ಸ್ನೇಕ್ ಎಂಬ, ಬಾಲದಿಂದ ಗಿಲಕಿಯ ಸದ್ದು ಮಾಡುವ ವಿಷದ ಹಾವು ಕಚ್ಚಿದರೆ ಅಮೆರಿಕದ ಮೂಲನಿವಾಸಿಗಳು ಬಳಸುವ ಸೊಪ್ಪು ಇದು ಎಂಬ ವಿವರಣೆ. ಅದು ಎಲ್ಲಿ ಬೆಳೆಯುತ್ತದೆ ಎಂಬ ಮಾಹಿತಿ. ಜೊತೆಗೆ ಆ ಎಲೆಯದ್ದೇ ಅಚ್ಚು. ಓದುಗರು ಕಾಡಿಗೆ ಹೋಗಿ ಎಲೆಯನ್ನು ಪುಟಕ್ಕೆ ಹೋಲಿಸಿ ಗುರುತಿಸಬಹುದಿತ್ತು.

ಅದೇ ಹೊತ್ತಿಗೆ ಫ್ರಾಂಕ್ಲಿನ್ ಮನೆಯಲ್ಲಿ ದುಃಖ. 1736ರ ನವೆಂಬರ್ 21ರಂದು ಅವರ ಮಗ ಫ್ರಾನ್ಸಿಸ್ ಸಿಡುಬಿನಿಂದ ತೀರಿಕೊಂಡ. ಮಗುವಿಗೆ ನಾಲ್ಕು ವರ್ಷ. ಊರಿನಲ್ಲಿ ಸುದ್ದಿ ಹಬ್ಬಿತು: ಕೀವು ಹಾಕಿಸಿದ್ದರಿಂದಲೇ ಮಗು ಸತ್ತಿತಂತೆ. ಆ ಸುದ್ದಿ ಕೇಳಿ ಬೇರೆ ತಂದೆತಾಯಿಯರು ಹಿಂಜರಿಯತೊಡಗಿದರು.

ಡಿಸೆಂಬರ್ 30ರಂದು ಫ್ರಾಂಕ್ಲಿನ್ ತಮ್ಮ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಹಾಕಿದರು. ಮಗುವಿಗೆ ಕೀವು ಹಾಕಿಸಿಯೇ ಇರಲಿಲ್ಲ, ರೋಗ ಊರಿನಲ್ಲಿ ಹರಡಿದಂತೆ ಸಹಜವಾಗಿಯೇ ತಗುಲಿತು, ಆ ಕ್ರಮ ಸುರಕ್ಷಿತವೆಂದು ತಾವು ನಂಬುತ್ತೇವೆ, ಮಗುವಿನ ಭೇದಿ ವಾಸಿಯಾದ ಮೇಲೆ ಹಾಕಿಸಬೇಕೆಂದಿದ್ದೆವು ಎಂಬುದು ಅದರ ಸಾರ. ಮಗ ಸತ್ತು ಆರು ವಾರವೂ ಆಗಿರಲಿಲ್ಲ. ತಂದೆಯೊಬ್ಬರು ತಮ್ಮ ದುಃಖವನ್ನೇ ಮುಂದಿಟ್ಟು ವದಂತಿಯನ್ನು ತಡೆಯಲು ನಿಂತರು. ಹಾಕಿಸದೆ ಬಿಟ್ಟದ್ದಕ್ಕೆ ಅವರು ಜೀವನವಿಡೀ ಕೊರಗಿದರು. 1759ರಲ್ಲಿ ಈ ಕ್ರಮದ ಪರವಾಗಿ ಅಂಕಿಅಂಶಗಳೊಂದಿಗೆ ಒಂದು ಕಿರುಪುಸ್ತಕವನ್ನೂ ತಂದರು.

ಹೀಗೆ ಕೆಲವೇ ವಾರಗಳ ಅಂತರದಲ್ಲಿ ಒಂದೇ ಮುದ್ರಣಾಲಯದಿಂದ ಎರಡು ಆರೋಗ್ಯ ಮಾಹಿತಿ ಹೊರಬಂತು. ಸಿಡುಬಿನ ಬಗ್ಗೆ ಬರೆದದ್ದಕ್ಕೆ ಲೆಕ್ಕದ ಬೆಂಬಲ ಇತ್ತು. ಹಾವಿನ ಸೊಪ್ಪಿನ ಬಗ್ಗೆ ಬರೆದದ್ದಕ್ಕೆ ಇದ್ದದ್ದು ಕೇಳಿದ ಮಾತು, ಮತ್ತು ಅತ್ಯಂತ ನಿಖರವಾದ ಒಂದು ಎಲೆಯ ಚಿತ್ರ.

ಹಾವು ಕಚ್ಚಿದರೆ ಸೊಪ್ಪು ಸಾಕೇ?

ಮುಂದೆ ಬ್ರೈಂಟ್‌ನಾಲ್‌ಗೇ ರ‍್ಯಾಟಲ್‌ಸ್ನೇಕ್ ಕಚ್ಚಿತು. ಆ ಅನುಭವವನ್ನು ಅವರು ಬರೆದ ಪತ್ರ 1746ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ನಮ್ಮಲ್ಲಿ ಈ ಪ್ರಶ್ನೆ ಹಳೆಯದಲ್ಲ. ಸುಬ್ರಹ್ಮಣ್ಯ, ಪಂಜ, ಕಡಬ ಸುತ್ತಿನ ಅಡಿಕೆ ತೋಟಗಳಲ್ಲಿ ಹಾವು ದಿನನಿತ್ಯದ ಮಾತು. ನಾಗನಿಗೆ ಇಲ್ಲಿ ಭಕ್ತಿ ಇದೆ, ಹಾವಿನ ಭಯವೂ ಇದೆ. ಸೊಪ್ಪಿನ ಫೋಟೋ ಹಾಕಿ, ಇದರ ರಸ ಕುಡಿಸಿದರೆ ವಿಷ ಇಳಿಯುತ್ತದೆ ಎನ್ನುವ ಫಾರ್ವರ್ಡ್‌ಗಳೂ ಬರುತ್ತವೆ.

ಸೊಪ್ಪು ಕೊಟ್ಟ ಮೇಲೆ ಗುಣವಾದವರನ್ನು ಕಂಡಿದ್ದೇವೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಕಚ್ಚಿದ್ದು ಕೇರೆಯಂಥ ವಿಷವಿಲ್ಲದ ಹಾವಾಗಿದ್ದರೆ ಏನೂ ಕೊಡದಿದ್ದರೂ ಬದುಕುತ್ತಾರೆ. ವಿಷದ ಹಾವು ಕಚ್ಚಿದರೂ ಕೆಲವು ಸಲ ವಿಷ ಒಳಗೆ ಹೋಗಿರುವುದಿಲ್ಲ. ಆಗಲೂ ಹೆಸರು ಬರುವುದು ಸೊಪ್ಪಿಗೆ.

ಹಾವಿನ ವಿಷಕ್ಕೆ ಪರೀಕ್ಷಿತ ಔಷಧ ಪ್ರತಿವಿಷದ ಚುಚ್ಚುಮದ್ದು. ಭಾರತದಲ್ಲಿ ಬಳಸುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು. ಕಚ್ಚಿಸಿಕೊಂಡವರನ್ನು ಸಮಾಧಾನಪಡಿಸಿ, ಕಚ್ಚಿದ ಕೈಕಾಲು ಅಲುಗದಂತೆ ಇಡಿ. ಉಂಗುರ, ಬಳೆ, ವಾಚು ತೆಗೆಯಿರಿ. ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗದಿಂದ ಬಿಗಿಯಬೇಡಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ. ಸೊಪ್ಪು ಹುಡುಕುವ ಅರ್ಧ ಗಂಟೆ ಒಂದು ಜೀವ ಆಗಬಹುದು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ನೋಟಿಗೆ ಎಲೆಯ ಕಾವಲು

ಈಗ ಫ್ರಾಂಕ್ಲಿನ್ ಎಲೆಯಿಂದ ಮಾಡಿದ ದೊಡ್ಡ ಕೆಲಸಕ್ಕೆ ಬರೋಣ. ಆ ಕಾಲದ ವಸಾಹತುಗಳಲ್ಲಿ ಚಿನ್ನ ಬೆಳ್ಳಿಯ ನಾಣ್ಯ ಕಡಿಮೆ. ಕಾಗದದ ನೋಟು ಬೇಕಿತ್ತು. 1729ರಲ್ಲೇ ಫ್ರಾಂಕ್ಲಿನ್ ಅದರ ಪರವಾಗಿ ಕಿರುಪುಸ್ತಕ ಬರೆದಿದ್ದರು. ಮುಂದೆ ನೋಟು ಅಚ್ಚು ಹಾಕುವ ಗುತ್ತಿಗೆ ಅವರಿಗೇ ಸಿಕ್ಕಿತು.

ತೊಂದರೆ ಖೋಟಾನೋಟಿನದ್ದು. ಮನುಷ್ಯ ಕೆತ್ತಿದ ಬಳ್ಳಿ, ಹೂವು, ಲಾಂಛನವನ್ನು ಇನ್ನೊಬ್ಬ ನುರಿತ ಕೆತ್ತನೆಗಾರ ನಕಲು ಮಾಡಬಲ್ಲ. ಆದರೆ ಎಲೆಯ ನರಗಳು? ದಪ್ಪ ನರದಿಂದ ಸಣ್ಣ ನರ, ಅದರಿಂದ ಕೂದಲೆಳೆಯಂಥ ನರ, ಅವುಗಳ ನಡುವೆ ಜಾಲ. ಒಂದೇ ಮರದ ಎರಡು ಎಲೆಗಳಲ್ಲೂ ಆ ಜಾಲ ಒಂದೇ ತರ ಇರುವುದಿಲ್ಲ. ಉಳಿಯಿಂದ ಅದನ್ನು ಹಾಗೆಯೇ ಕೆತ್ತುವುದು ಬಹಳ ಕಷ್ಟ.

1730ರ ದಶಕದ ಕೊನೆಯಿಂದ ಫ್ರಾಂಕ್ಲಿನ್ ಅಚ್ಚು ಹಾಕಿದ ನೋಟುಗಳ ಬೆನ್ನಿನಲ್ಲಿ ಎಲೆಗಳು ಕಾಣಿಸಿಕೊಂಡವು. 1739ರ ಪೆನ್ಸಿಲ್ವೇನಿಯಾ ನೋಟುಗಳು ಇದರಲ್ಲಿ ಹೆಸರಾದವು.

ಇಲ್ಲಿ ಒಂದು ಲೆಕ್ಕ ಇದೆ. ಹಸಿ ಎಲೆಗೆ ನೇರವಾಗಿ ಶಾಯಿ ಹಚ್ಚಿ ಒತ್ತಿದರೆ ಕೆಲವು ಪ್ರತಿ ಬರುವಷ್ಟರಲ್ಲಿ ಎಲೆ ಹರಿಯುತ್ತದೆ. ನೋಟು ಬೇಕಾದದ್ದು ಸಾವಿರಗಟ್ಟಲೆ. ಆದ್ದರಿಂದ ಎಲೆಯನ್ನು ಬಟ್ಟೆಯ ಮೇಲಿಟ್ಟು, ಅದರ ಅಚ್ಚನ್ನು ಪ್ಲಾಸ್ಟರಿನಲ್ಲಿ ಹಿಡಿದು, ಆ ಅಚ್ಚಿಗೆ ಕರಗಿದ ಸೀಸದ ಮಿಶ್ರಲೋಹ ಹೊಯ್ದು ಎಲೆಯ ಲೋಹದ ಪಡಿಯಚ್ಚು ಪಡೆಯುತ್ತಿದ್ದರು. ಅದನ್ನು ಅಕ್ಷರದ ಮೊಳೆಗಳ ಜೊತೆ ಜೋಡಿಸಿದರೆ ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು. ಈ ವಿಧಾನವನ್ನು ಅವರು ಎಲ್ಲೂ ಬರೆದಿಡಲಿಲ್ಲ. ಗುಟ್ಟಾಗಿಯೇ ಇಟ್ಟರು. ನಾಣ್ಯ ಸಂಶೋಧಕ ಎರಿಕ್ ನ್ಯೂಮನ್ 1960ರ ದಶಕದಲ್ಲಿ ಹಳೆಯ ನೋಟುಗಳನ್ನು ಅಧ್ಯಯನ ಮಾಡಿ ಈ ವಿಧಾನವನ್ನು ವಿವರಿಸಿದರು. ನೋಟಿಗೆ ಬಳಸಿದ್ದ ಎಲೆಯ ಲೋಹದ ಅಚ್ಚೊಂದು ಈ ಶತಮಾನದಲ್ಲಿ ಪೆನ್ಸಿಲ್ವೇನಿಯಾದಲ್ಲಿ ಪತ್ತೆಯಾಗಿದೆ.

ಫ್ರಾಂಕ್ಲಿನ್ 1748ರಲ್ಲಿ ಮುದ್ರಣದ ದಿನನಿತ್ಯದ ಕೆಲಸವನ್ನು ಪಾಲುದಾರ ಡೇವಿಡ್ ಹಾಲ್‌ಗೆ ಬಿಟ್ಟರು. ಎಲೆಯಚ್ಚು ಮುಂದುವರಿಯಿತು. 1775ರಲ್ಲಿ ಬ್ರಿಟಿಷರ ವಿರುದ್ಧ ಯುದ್ಧಕ್ಕೆ ಹಣ ಬೇಕಾದಾಗ ಬಂದ ನೋಟುಗಳ ಬೆನ್ನಿಗೂ ಎಲೆಗಳೇ.

ಹಾಗಾದರೆ ಖೋಟಾನೋಟು ನಿಂತಿತೇ? ಇಲ್ಲ. ಸುಮಾರಾಗಿ ಹೋಲುವ ನಕಲು ಇದ್ದರೂ ಅವಸರದಲ್ಲಿ ನೋಡುವವರಿಗೆ ಸಾಕಾಗುತ್ತಿತ್ತು. ಯುದ್ಧಕಾಲದಲ್ಲಿ ಬ್ರಿಟಿಷರ ಕಡೆಯಿಂದಲೇ ನಕಲಿ ನೋಟು ಹರಿದುಬಂತು. ಸರ್ಕಾರವೂ ಮಿತಿಮೀರಿ ಅಚ್ಚು ಹಾಕಿದ್ದರಿಂದ ನೋಟಿನ ಬೆಲೆಯೇ ಕುಸಿಯಿತು. ಅಚ್ಚು ಅಸಲಿಯೇ ಎಂದು ಎಲೆ ಹೇಳಬಲ್ಲದು. ಆ ನೋಟಿಗೆ ಬೆಲೆ ಇದೆಯೇ ಎಂದು ಹೇಳಲಾರದು.

ಗಾಳಿಪಟ, ಗುಲಾಮಗಿರಿ ಮತ್ತು ಒಂದು ನಕಲಿ ಪತ್ರಿಕೆ

ವಿದ್ಯುತ್ತಿನ ವಿಷಯ ಚುಟುಕಾಗಿ. ವಿದ್ಯುತ್ ಫ್ರಾಂಕ್ಲಿನ್‌ಗಿಂತ ಮೊದಲೇ ಗೊತ್ತಿತ್ತು. ಮಿಂಚೂ ವಿದ್ಯುತ್ತೇ ಎಂದು ಪರೀಕ್ಷಿಸುವ ದಾರಿಯನ್ನು ಅವರು ಸೂಚಿಸಿದರು. 1752ರ ಮೇ 10ರಂದು ಫ್ರಾನ್ಸಿನಲ್ಲಿ ಆ ಪ್ರಯೋಗ ಮೊದಲು ನಡೆಯಿತು. ಅವರ ಗಾಳಿಪಟದ ಪ್ರಯೋಗವೂ ಅದೇ ವರ್ಷದ್ದು. ಪಟಕ್ಕೆ ಸಿಡಿಲು ಬಡಿಯಲಿಲ್ಲ. ಬಡಿದಿದ್ದರೆ ಅವರು ಉಳಿಯುತ್ತಿರಲಿಲ್ಲ. ಮೋಡದ ಕೆಳಗಿನ ವಿದ್ಯುದಂಶ ಒದ್ದೆ ದಾರದಲ್ಲಿ ಇಳಿದು ಬಂತು. 1753ರಲ್ಲಿ ಇಂಥದೇ ಪ್ರಯೋಗ ಮಾಡುತ್ತಿದ್ದ ವಿಜ್ಞಾನಿ ರಿಚ್‌ಮನ್ ರಷ್ಯಾದಲ್ಲಿ ಸಿಡಿಲಿಗೆ ಬಲಿಯಾದರು. ಕಟ್ಟಡಗಳ ಮೇಲಿನ ಮಿಂಚುಬಂಧಕ ಫ್ರಾಂಕ್ಲಿನ್ ಕೊಡುಗೆ.

ಫಾರ್ವರ್ಡ್‌ಗಳು ಹೇಳದ ಸಂಗತಿಗಳೂ ಇವೆ. ಅವರ ಮನೆಯಲ್ಲಿ ಗುಲಾಮರಿದ್ದರು. ಗುಲಾಮರ ಮಾರಾಟದ ಜಾಹೀರಾತುಗಳು ಅವರ ಪತ್ರಿಕೆಯಲ್ಲಿ ಬರುತ್ತಿದ್ದವು. ಮುಪ್ಪಿನಲ್ಲಿ ಅವರು ಬದಲಾದರು. 1787ರಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾದರು. 1790ರ ಫೆಬ್ರವರಿಯಲ್ಲಿ ಅವರ ಸಹಿಯ ಮನವಿ ಅಮೆರಿಕದ ಸಂಸತ್ತಿಗೆ ಹೋಯಿತು. ಅದೇ ವರ್ಷ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನೊಂದು ಸಂಗತಿ ನಮ್ಮ ಕೆಲಸಕ್ಕೆ ನೇರ ಸಂಬಂಧಿಸಿದ್ದು. 1782ರಲ್ಲಿ ಫ್ರಾನ್ಸಿನಲ್ಲಿದ್ದಾಗ ಫ್ರಾಂಕ್ಲಿನ್ ತಮ್ಮ ಖಾಸಗಿ ಮುದ್ರಣಯಂತ್ರದಲ್ಲಿ ಬಾಸ್ಟನ್ ಪತ್ರಿಕೆಯೊಂದರ ನಕಲಿ ಪುರವಣಿ ಅಚ್ಚು ಹಾಕಿದರು. ಬ್ರಿಟಿಷರ ಪರವಾಗಿದ್ದ ಮೂಲನಿವಾಸಿಗಳು ವಸಾಹತಿನವರ ನೆತ್ತಿಯ ಚರ್ಮ ಸುಲಿದು ಮೂಟೆ ಕಟ್ಟಿ ಬ್ರಿಟಿಷರಿಗೆ ಕಳಿಸಿದರು ಎಂಬ ಕಟ್ಟುಕಥೆ ಅದರಲ್ಲಿತ್ತು. ನಿಜವೆಂದು ಕಾಣಲು ಸುಳ್ಳು ಜಾಹೀರಾತುಗಳನ್ನೂ ಸೇರಿಸಿದ್ದರು. ಯುದ್ಧದ ಕೊನೆಯ ಮಾತುಕತೆಯಲ್ಲಿ ಬ್ರಿಟನ್ ಮೇಲೆ ಒತ್ತಡ ಹಾಕುವುದು ಉದ್ದೇಶ. ಆದರೆ ಅವರು ಸತ್ತ ಮೇಲೂ ಆ ಕಥೆ ನಿಜವೆಂದೇ ಮರುಮುದ್ರಣವಾಯಿತು. ಮೂಲನಿವಾಸಿಗಳ ಮೇಲಿನ ದ್ವೇಷಕ್ಕೆ ಅದು ಎಣ್ಣೆ ಸುರಿಯಿತು.

ಖೋಟಾನೋಟು ತಡೆಯಲು ಎಲೆಯನ್ನು ಕಾವಲಿಟ್ಟವರು, ಮಗನ ಸಾವಿನ ವದಂತಿಗೆ ಉತ್ತರ ಕೊಟ್ಟವರು ಮತ್ತು ಈ ನಕಲಿ ಪತ್ರಿಕೆ ಮಾಡಿದವರು ಒಬ್ಬರೇ. ಹೆಸರು ದೊಡ್ಡದು ಎಂದ ಮಾತ್ರಕ್ಕೆ ಸುದ್ದಿ ನಿಜವಾಗುವುದಿಲ್ಲ.

1862: ಮಂಗಳೂರಿನಲ್ಲಿ ಎಲೆಯಚ್ಚು

ಎಲೆಯಚ್ಚಿನ ಕಥೆ ನಮ್ಮ ಜಿಲ್ಲೆಗೂ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿತು. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಅಲ್ಲಿಂದಲೇ. 1862ರಲ್ಲಿ ಅದೇ ಮಿಷನ್‌ನ ಮುದ್ರಣಾಲಯದಲ್ಲಿ ಜೆ. ಹುನ್ಸಿಕರ್ ಎಂಬವರು ದಕ್ಷಿಣ ಭಾರತದ ಉಪಯುಕ್ತ ಮತ್ತು ಅಲಂಕಾರದ ಗಿಡಗಳ ಒಂದು ಪುಸ್ತಕ ತಂದರು. ಅದರ ಚಿತ್ರಗಳು ಯಾರೂ ಬರೆದದ್ದಲ್ಲ. ಹಸಿ ಗಿಡಗಳಿಂದಲೇ, ಅವುಗಳ ಬಣ್ಣಕ್ಕೆ ಹೊಂದುವ ಬಣ್ಣದಲ್ಲಿ ತೆಗೆದ ಅಚ್ಚುಗಳು. ಅದಕ್ಕೆ ಐದು ವರ್ಷ ಮೊದಲು, 1857ರಲ್ಲಿ, ಮದ್ರಾಸಿನಲ್ಲಿ ಹೆನ್ರಿ ಸ್ಮಿತ್ ಕೂಡ ಗಿಡಗಳಿಂದ ನೇರ ಅಚ್ಚಿನ ಮಾದರಿಗಳನ್ನು ಪ್ರಕಟಿಸಿದ್ದರು. ಫೋಟೋ ಮುದ್ರಣ ಇಲ್ಲದ ಕಾಲದಲ್ಲಿ ಗಿಡವನ್ನು ಇದ್ದ ಹಾಗೆ ತೋರಿಸಲು ಇದಕ್ಕಿಂತ ನಂಬಿಕೆಯ ದಾರಿ ಇರಲಿಲ್ಲ.

ಮನೆಯಲ್ಲೇ ಮಾಡಿ: ಜಪಾನಿನ ವಿಧಾನ

ಯಂತ್ರ ಬೇಡ. ಜಪಾನಿನ ಮರದಚ್ಚು ಕಲಾವಿದರು ಯಂತ್ರ ಬಳಸುತ್ತಿರಲಿಲ್ಲ. ಬರೆನ್ ಎಂಬ ದುಂಡನೆಯ ಚಪ್ಪಟೆ ಬಿಲ್ಲೆಯಿಂದ ಕಾಗದದ ಬೆನ್ನನ್ನು ಕೈಯಲ್ಲೇ ಉಜ್ಜುತ್ತಿದ್ದರು. ಬಿಲ್ಲೆಗೆ ಬಿದಿರಿನ ಕಳಲೆಯ ಹೊರಪೊರೆ ಸುತ್ತಿರುತ್ತದೆ. ಅದು ನುಣುಪು, ಕಾಗದ ಹರಿಯುವುದಿಲ್ಲ. ಬಣ್ಣ ನೀರಿನದ್ದು, ಅದಕ್ಕೆ ಅಕ್ಕಿಯ ಅಂಟು ಸ್ವಲ್ಪ. ಕಾಗದ ಒಂದು ಜಾತಿಯ ಹಿಪ್ಪುನೇರಳೆಯ ತೊಗಟೆಯಿಂದ ಮಾಡಿದ್ದು. ಅದರ ನಾರು ಉದ್ದ, ಆದ್ದರಿಂದ ಒದ್ದೆಯಾದರೂ ಗಟ್ಟಿ. ಹಗುರವಾದ ಕೈ ಒತ್ತಡ ಎಲೆಗೂ ಒಳ್ಳೆಯದು, ಎಲೆ ಜಜ್ಜುವುದಿಲ್ಲ.

ನಮ್ಮಲ್ಲಿ ಬಿದಿರ ಪೊರೆಯ ಬದಲು ಅಡಿಕೆ ಹಾಳೆಯ ಒಳಪದರ ಸುತ್ತಿದ ಬಟ್ಟೆಯ ಉಂಡೆ ಸಾಕು. ಹಲಸು, ಪೇರಳೆ, ಅಶ್ವತ್ಥ, ಜರಿಗಿಡ ಚೆನ್ನಾಗಿ ಬರುತ್ತವೆ. ಎಲೆಯನ್ನು ಕೆಲವು ಗಂಟೆ ಪುಸ್ತಕದ ಅಡಿ ಇಟ್ಟು ಚಪ್ಪಟೆ ಮಾಡಿ. ಅಡಿಭಾಗಕ್ಕೇ ಬಣ್ಣ ಹಚ್ಚಿ, ನರಗಳು ಉಬ್ಬಿರುವುದು ಅಲ್ಲಿ. ಬಣ್ಣ ತೆಳುವಾಗಿರಲಿ, ಹೆಚ್ಚಾದರೆ ಸಣ್ಣ ನರಗಳು ಮುಚ್ಚಿಹೋಗುತ್ತವೆ. ಸ್ವಲ್ಪ ತೇವದ ತೆಳು ಕಾಗದ ಇಟ್ಟು ನಡುವಿನಿಂದ ಅಂಚಿಗೆ ಉಜ್ಜಿ.

ಒಂದು ಎಚ್ಚರಿಕೆ: ಗುರುತಿಲ್ಲದ ಕಾಡಿನ ಎಲೆ ಕೀಳಬೇಡಿ. ಚೇರು ಮರದ ಸೊನೆ ತಾಗಿದರೆ ಚರ್ಮದಲ್ಲಿ ಗುಳ್ಳೆ ಏಳುತ್ತದೆ. ಎಕ್ಕದ ಹಾಲು ಕಣ್ಣಿಗೆ ಹೋದರೆ ಅಪಾಯ.

ಹಾಗಾದರೆ ನಂಬಬೇಕಾದ್ದು ಯಾವುದನ್ನು?

ಎಲೆಯಚ್ಚು ಎಲೆಯ ಆಕಾರ, ಅಳತೆ, ನರಗಳ ಬಗ್ಗೆ ನಿಜ ಹೇಳುತ್ತದೆ. ಅದು ಔಷಧವೇ, ವಿಷವೇ, ಯಾವ ಕಾಯಿಲೆಗೆ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಪಕ್ಕದ ಬರಹ. ಫ್ರಾಂಕ್ಲಿನ್ ಪಂಚಾಂಗದ ಎಲೆ ಅಸಲಿ ಎಲೆಯೇ. ಆದರೆ ಹಾವಿನ ವಿಷ ಇಳಿಯುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಗಿರಲಿಲ್ಲ.

ಇವತ್ತು ಎಲೆಯಚ್ಚಿನ ಜಾಗದಲ್ಲಿ ಫೋಟೋ ಇದೆ. ಮುಂದಿನ ಸಲ ಸೊಪ್ಪಿನ ಸ್ಪಷ್ಟ ಫೋಟೋ ಜೊತೆ ಮದ್ದಿನ ಫಾರ್ವರ್ಡ್ ಬಂದರೆ ಎರಡನ್ನೂ ಬೇರೆ ಬೇರೆ ಮಾಡಿ ನೋಡಿ. ಫೋಟೋ ನಿಜ ಇರಬಹುದು. ಮಾತಿಗೆ ಆಧಾರ ಏನು, ಯಾರು ಪರೀಕ್ಷಿಸಿದರು ಎಂದು ಕೇಳಿ. ಉತ್ತರ ಸಿಗುವವರೆಗೆ ಮುಂದಕ್ಕೆ ಕಳಿಸಬೇಡಿ.